ಹೊಳೆಯುವ ಟೈಲ್ಸ್ ನೋಡಿ ಹೋಂ ಆರಿಸಬೇಡಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಹಾಸನದವಳು. ಮಗನಿಗೆ 31 ವರ್ಷ, ಡೌನ್ ಸಿಂಡ್ರೋಮ್ ಇದೆ. ತಾನೇ ಊಟ ಮಾಡುತ್ತಾನೆ, ಸ್ನಾನಕ್ಕೆ ಸ್ವಲ್ಪ ಸಹಾಯ ಬೇಕು. ನಮ್ಮ ನಂತರ ಅವನ ಗತಿಯೇನು ಎಂಬ ಚಿಂತೆಯಲ್ಲಿ ಎರಡು ವಸತಿ ಕೇಂದ್ರ ನೋಡಿ ಬಂದೆವು. ಒಂದು ದೊಡ್ಡದು, ಅರವತ್ತು ಜನರಿದ್ದಾರೆ. ಟೈಲ್ಸ್, ಸಿಸಿಟಿವಿ, ತೋಟ ಎಲ್ಲ ಇದೆ. ಇನ್ನೊಂದು ಬಡಾವಣೆಯಲ್ಲಿರುವ ಬಾಡಿಗೆ ಮನೆ, ಎಂಟೇ ಜನ. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯುವುದು?

ಉತ್ತರ: ಮೇಡಂ, ನನ್ನ ಮನಸ್ಸು ಬಾಡಿಗೆ ಮನೆಯ ಕಡೆಗೇ ವಾಲುತ್ತದೆ. ಅಕ್ಕಪಕ್ಕ ಮನೆಗಳಿರುತ್ತವೆ, ಬೀದಿ ಕೊನೆಗೆ ಅಂಗಡಿ ಇರುತ್ತದೆ, ಮಗ ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ. ಹಾಗಂತ ಚಿಕ್ಕದೆಲ್ಲ ಒಳ್ಳೆಯದು ಅಂತಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆ ಇತ್ತು. ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿಯೇ ನಡೆಯುತ್ತಿತ್ತು. ಹಾಸಿಗೆ ಬರೀ 24. ಒಬ್ಬರಿಗೆ ವಾರಕ್ಕೆ ಸುಮಾರು 3,500 ಪೌಂಡ್ ಶುಲ್ಕ. 2011ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಟ್ಟಾಗಿ ಚಿತ್ರೀಕರಿಸಿದಾಗ, ಸಿಬ್ಬಂದಿ ಅಲ್ಲಿದ್ದವರನ್ನು ಹೊಡೆಯುವುದು, ನೆಲಕ್ಕೆ ಒತ್ತಿ ಹಿಡಿಯುವುದು ಬಯಲಾಯಿತು. 11 ಜನರ ಅಪರಾಧ ಸಾಬೀತಾಗಿ, ಆರು ಜನ ಜೈಲಿಗೆ ಹೋದರು. ದುಡ್ಡಿಗೂ ಕೊರತೆ ಇರಲಿಲ್ಲ, ತಪಾಸಣೆ ಮಾಡುವ ಸಂಸ್ಥೆಯೂ ಇತ್ತು. ಆದರೆ ಮನೆಯವರನ್ನು ಒಳಗಿನ ಕೋಣೆಗಳಿಗೆ ಬಿಡುತ್ತಿರಲಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಅದೇ.

ಹಾಗಾಗಿ ಮೊದಲ ಪರೀಕ್ಷೆ ಇದು: ಮಗ ಮಲಗುವ ಕೋಣೆ, ಬಚ್ಚಲು, ಅಡುಗೆಮನೆ ಎಲ್ಲವನ್ನೂ ನೋಡಲು ಬಿಡುತ್ತಾರಾ? ಅವರು ನಿಮ್ಮನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದಿರುತ್ತಾರೆ. ಆಗ ಟೀಚರ್ ಇರುತ್ತಾರೆ, ಮೇಣದಬತ್ತಿ ಮಾಡುವ ಕ್ಲಾಸು ನಡೆಯುತ್ತಿರುತ್ತದೆ. ನೀವು ಸಂಜೆ ಏಳಕ್ಕೆ ಹೋಗಿ, ಇನ್ನೊಮ್ಮೆ ಭಾನುವಾರ ಹೋಗಿ. ಐದು ಗಂಟೆಯ ನಂತರ ಅಲ್ಲಿ ಯಾರಿದ್ದಾರೆ, ಇರುವವರು ಏನು ಮಾಡುತ್ತಿದ್ದಾರೆ ನೋಡಿ. ಎಲ್ಲರೂ ಗೋಡೆಗೆ ಒರಗಿ ಕೂತಿದ್ದು, ಟಿವಿ ಸುಮ್ನೆ ಓಡುತ್ತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಅಡುಗೆಯವರು ಬೇಗ ಮನೆಗೆ ಹೋಗಬೇಕು ಅಂತ ಐದೂವರೆಗೇ ರಾತ್ರಿ ಊಟ ಬಡಿಸಿ ಮುಗಿಸುವ ಕಡೆಗಳಿವೆ. ದೊಡ್ಡವರನ್ನು ಏಳೂವರೆಗೆ ಮಲಗಿಸುತ್ತಾರೆ! ನೀವು, ನಾನು ಆ ಹೊತ್ತಿಗೆ ಮಲಗುತ್ತೇವಾ?

ಬೀರು ತೆಗೆದು ನೋಡಿ. ಅವರವರ ಬಟ್ಟೆ, ಅವರವರ ಹಲ್ಲುಜ್ಜುವ ಬ್ರಷ್ ಬೇರೆ ಬೇರೆ ಇದೆಯಾ, ಅಥವಾ ಒಗೆದ ರಾಶಿಯಿಂದ ಯಾರಿಗೆ ಆಗುತ್ತದೋ ಅವರಿಗೆ ತೊಡಿಸುತ್ತಾರಾ? ಬಚ್ಚಲಿಗೆ ಬಾಗಿಲಿದೆಯಾ? ಯಾರನ್ನಾದರೂ ತೋರಿಸಿ, "ಇವರಿಗೆ ಏನು ಇಷ್ಟ?" ಅಂತ ಆಯಾ ಅವರನ್ನು ಕೇಳಿ. ಫೈಲು ಹುಡುಕದೆ, "ಇವನಿಗೆ ಬಸ್ ನೋಡುವುದು ಅಂದ್ರೆ ಪ್ರಾಣ" ಎಂಬಂಥ ಉತ್ತರ ಬಂದರೆ ನನಗೆ ಅರ್ಧ ನೆಮ್ಮದಿ. ಆ ಆಯಾ ಎಷ್ಟು ವರ್ಷದಿಂದ ಇದ್ದಾರೆ, ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ ಅನ್ನುವುದನ್ನೂ ಕೇಳಿ. ಮೂರು ತಿಂಗಳಿಗೊಮ್ಮೆ ಕೆಲಸದವರು ಬದಲಾಗುವ ಕಡೆ ತೋಟ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಆರೋಗ್ಯದ ಬಗ್ಗೆ ಒಂದು ಮಾತು. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ ಜಾಸ್ತಿ. ಕಣ್ಣಿನ ಪೊರೆ, ಕಿವುಡು ಕೂಡ ಬೇಗ ಬರಬಹುದು. ನಲವತ್ತು ದಾಟಿದ ಮೇಲೆ ಕೆಲವರಲ್ಲಿ ಆಲ್‌ಝೈಮರ್ಸ್ ಕಾಣಿಸಿಕೊಳ್ಳುತ್ತದೆ. ಅದನ್ನು "ಸೋಮಾರಿಯಾಗಿದ್ದಾನೆ, ಹಟ ಮಾಡ್ತಾನೆ" ಅಂತ ತಳ್ಳಿಹಾಕುವುದೇ ಹೆಚ್ಚು. ಮಲಬದ್ಧತೆಯನ್ನಂತೂ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹೇಳಿಕೊಳ್ಳಲು ಬಾರದವರಲ್ಲಿ ಅದು ಜೀವಕ್ಕೇ ಮುಳುವಾಗಬಹುದು. ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತೀರಾ ಅಂತ ಎರಡೂ ಕಡೆ ಕೇಳಿ. ಉತ್ತರ ಹೇಗೆ ಬರುತ್ತದೆ ಅನ್ನುವುದರಲ್ಲೇ ಬಹಳಷ್ಟು ತಿಳಿಯುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಇಂಥ ಸಂಸ್ಥೆಗೆ ನೋಂದಣಿ ಕಡ್ಡಾಯ. ಪ್ರಮಾಣಪತ್ರ ತೋರಿಸಿ ಅನ್ನಲು ಸಂಕೋಚ ಬೇಡ. ಅನುಮಾನ ಬಂದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ವಿಷಯ. ನೀವು ಗಟ್ಟಿಯಾಗಿರುವಾಗಲೇ ಶುರು ಮಾಡಿ. ಮೊದಲು ಎರಡು ದಿನ, ಆಮೇಲೆ ಒಂದು ವಾರ ಬಿಟ್ಟು ನೋಡಿ. ಅಪ್ಪ ಅಮ್ಮ ತೀರಿಕೊಂಡ ವಾರದಲ್ಲೇ ಗೊತ್ತಿಲ್ಲದ ಜಾಗಕ್ಕೆ ಹೋಗಿ ಬೀಳುವವರನ್ನು ನೋಡಿದರೆ ಕರುಳು ಹಿಂಡುತ್ತದೆ. ಮನೆಗೆ ವಾಪಸ್ ಬಂದಾಗ ಅವನ ಮುಖ, ತೂಕ, ನಿದ್ದೆ ನೋಡಿ. ಅವನ ಉತ್ತರ ಅದರಲ್ಲಿರುತ್ತದೆ.

ಪ್ರಶ್ನೆ: ತಂಗಿಗೆ 38 ವರ್ಷ, ಬೌದ್ಧಿಕ ಅಂಗವೈಕಲ್ಯ ಇದೆ. ಅವಳ ಪಾಲಿನ ಸೈಟನ್ನು ಸಂಸ್ಥೆಯ ಹೆಸರಿಗೆ ಬರೆದುಕೊಟ್ಟರೆ ಕೊನೆತನಕ ನೋಡಿಕೊಳ್ಳುತ್ತೇವೆ ಅಂತಿದ್ದಾರೆ. ಬರೆದುಕೊಡಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಬೇಡ. ಆಸ್ತಿ ಕೈಬಿಟ್ಟ ಮೇಲೆ ಅವಳಿಗೆ ಅಲ್ಲಿ ಹಿಡಿಸದಿದ್ದರೆ, ಅಥವಾ ಸಂಸ್ಥೆಯೇ ಮುಚ್ಚಿದರೆ, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ದೊಡ್ಡ ಠೇವಣಿ ಕೇಳುವವರ ಹತ್ತಿರವೂ ಅಷ್ಟೇ, ಬಿಟ್ಟು ಹೋದರೆ ಎಷ್ಟು ವಾಪಸ್ ಕೊಡುತ್ತೀರಿ ಅನ್ನುವುದನ್ನು ಬರಹದಲ್ಲಿ ಪಡೆಯಿರಿ.

ಮೊದಲು ಗಾರ್ಡಿಯನ್ (ಕಾನೂನುಬದ್ಧ ಪೋಷಕರು) ಆಗಿ ನೇಮಕವಾಗಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. 18 ದಾಟಿದವರಿಗೆ ಗಾರ್ಡಿಯನ್ ನೇಮಿಸುವುದು ಅದರ ಕೆಲಸ. ಅಣ್ಣ ಅನ್ನುವ ಕಾರಣಕ್ಕೆ ಕಾನೂನಿನಲ್ಲಿ ತಾನಾಗಿ ಅಧಿಕಾರ ಬರುವುದಿಲ್ಲ. ನೇಮಕವಾದ ಆರು ತಿಂಗಳೊಳಗೆ ಅವಳ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಕಿರಿಕಿರಿ ಅನ್ನಿಸಬಹುದು, ಆದರೆ ಅದೇ ಅವಳಿಗೆ ರಕ್ಷಣೆ. ಅವಳ ಹೆಸರಿಗೆ ಟ್ರಸ್ಟ್ ಮಾಡುವ ಬಗ್ಗೆ ವಕೀಲರನ್ನು ಕೇಳಿ. ಜೊತೆಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. 1 ಲಕ್ಷದವರೆಗೆ ಸಿಗುತ್ತದೆ, ಮುಂಚೆ ವೈದ್ಯಕೀಯ ಪರೀಕ್ಷೆಯ ತಲೆನೋವಿಲ್ಲ.

ಪ್ರಶ್ನೆ: 26 ವರ್ಷದ ಮಗಳನ್ನು ಇಂಥ ವಸತಿ ಕೇಂದ್ರಕ್ಕೆ ಸೇರಿಸಿದ್ದೇವೆ. ಹೊಂದಿಕೊಳ್ಳಲಿ, ಮೂರು ತಿಂಗಳು ಬರಬೇಡಿ ಅಂದರು. ಈಗ ನೋಡಿದರೆ ಯಾವಾಗಲೂ ತೂಕಡಿಸುತ್ತಾಳೆ. ಮುಟ್ಟಿನ ಕಷ್ಟ, ಗರ್ಭಕೋಶ ತೆಗೆಸಿಬಿಡಿ ಅಂತಲೂ ಹೇಳುತ್ತಿದ್ದಾರೆ. (ಹೆಸರು ಬೇಡ)

ಉತ್ತರ: ಈ ವಾರವೇ ಹೋಗಿ, ಕೊಡುತ್ತಿರುವ ಮಾತ್ರೆಗಳ ಹೆಸರು ಬರೆದುಕೊಳ್ಳಿ, ಚೀಟಿಯ ಫೋಟೋ ತೆಗೆಯಿರಿ. ಬೇರೊಬ್ಬ ಮನೋವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ಗೆ ಹೋಗಲು ಆದರೆ ಇನ್ನೂ ಒಳ್ಳೆಯದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಫಿಟ್ಸ್ ಮಾತ್ರೆ ಹಠಾತ್ತನೆ ನಿಂತರೆ ಅಪಾಯ. ಆಳು ಕಡಿಮೆ ಇದ್ದಾಗ ಮಾತ್ರೆಯಿಂದ ಸುಮ್ಮನಾಗಿಸುವ ಚಾಳಿ ಬೇರೆ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ ಇದನ್ನು ಕಡಿಮೆ ಮಾಡಲೆಂದೇ 2016ರಿಂದ ಒಂದು ಸರ್ಕಾರಿ ಕಾರ್ಯಕ್ರಮ ನಡೆಯುತ್ತಿದೆ.

ಗರ್ಭಕೋಶದ ಮಾತಿಗೆ ಖಂಡಿತ ಒಪ್ಪಬೇಡಿ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದ ಯುವತಿಯರಿಗೆ ಹೀಗೇ ಮಾಡಿಸಿದ್ದು ದೇಶದಲ್ಲೆಲ್ಲ ದೊಡ್ಡ ಗಲಾಟೆಯಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಂ ಪ್ರಕಾರ ಅವಳ ಸ್ವಂತ ಒಪ್ಪಿಗೆ ಇಲ್ಲದೆ ಬಂಜೆತನಕ್ಕೆ ಕಾರಣವಾಗುವ ಯಾವ ಚಿಕಿತ್ಸೆಯೂ ಸಲ್ಲದು. ಪ್ಯಾಡ್ ಬದಲಿಸುವುದನ್ನು ಚಿತ್ರ ತೋರಿಸಿ, ಜೊತೆಗಿದ್ದು ಕಲಿಸಬಹುದು. ಪೂರ್ತಿ ಕಲಿಯದಿದ್ದರೂ ಸಹಾಯ ಮಾಡುವುದು ಸಿಬ್ಬಂದಿಯ ಕೆಲಸ.

ಭೇಟಿಗೆ ಇನ್ನೂ ತಡೆದರೆ, ಅಥವಾ ಮೈಮೇಲೆ ಗಾಯ ಕಂಡರೆ, ಅದೇ ಕಾಯ್ದೆಯ 7ನೇ ಕಲಂ ಅಡಿ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಿ. ತಾಲ್ಲೂಕಿನಲ್ಲಿ ಆ ಅಧಿಕಾರ ತಹಶೀಲ್ದಾರರಿಗೆ ಇರುತ್ತದೆ. ಒಂದು ಪ್ರತಿಯನ್ನು ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೂ ಕಳಿಸಿ. ತೀರಾ ಭಯ ಅನ್ನಿಸಿದರೆ ಮೊದಲು ಮಗಳನ್ನು ಮನೆಗೆ ಕರೆತನ್ನಿ, ಅರ್ಜಿ ಆಮೇಲೆ ಬರೆದರಾಯಿತು.