ಆ ‘ಶೇ 93’ ಎಲ್ಲಿಂದ ಬಂತು?

ಕ್ಯಾಂಪಸ್ ಆಯ್ಕೆಯ ಕಾಲ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ಅಚ್ಚಿನವು. ಟೈ ಕಟ್ಟಬೇಕೇ, ಕಾಲ ಮೇಲೆ ಕಾಲು ಹಾಕಬಹುದೇ ಎಂಬವನ್ನು ಪಕ್ಕಕ್ಕಿಟ್ಟಿದ್ದೇನೆ. ಅದನ್ನು ನಿಮ್ಮ ಸೀನಿಯರ್‌ಗಳೇ ಹೇಳಿಯಾರು.

ಪ್ರಶ್ನೆ: ಗ್ರೂಪ್ ಡಿಸ್ಕಷನ್‌ನಲ್ಲಿ ಆನ್‌ಲೈನ್ ಪಾಠದ ವಿಷಯ ಕೊಟ್ಟಿದ್ದರು. ‘ಸಂವಹನದಲ್ಲಿ ಶೇ 93 ಭಾಗ ದೇಹಭಾಷೆ, ಪದಗಳದ್ದು ಬರೀ ಶೇ 7’ ಎಂದೆ. ಎದುರಿದ್ದವಳು ‘ಯಾರ ಸಂಶೋಧನೆ?’ ಎಂದಳು. ನನಗೆ ಬಾಯೇ ಬರಲಿಲ್ಲ. ಇಂಥ ಹೊತ್ತಲ್ಲಿ ಹೇಗೆ ಸಂಭಾಳಿಸಬೇಕು?
– ಬಿ.ಇ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಂಭಾಳಿಸುವ ಮಾತು ಆಮೇಲೆ. ಆ ಹುಡುಗಿ ಕೇಳಿದ್ದು ಸರಿ, ನೀವು ಹೇಳಿದ್ದು ತಪ್ಪು. ಈ ಅಂಕಿ ಹೊತ್ತು ತಿರುಗುವ ‘ಪರ್ಸನಾಲಿಟಿ ಡೆವಲಪ್‌ಮೆಂಟ್’ ತರಬೇತುದಾರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದರ ಹುಟ್ಟೂರು ಅಮೆರಿಕದ ಲಾಸ್ ಏಂಜಲೀಸ್. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಗಳ ಜೊತೆ ಎರಡು ಪ್ರಯೋಗಗಳ ವರದಿ ಪ್ರಕಟಿಸಿದರು. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ‘ಮೇ ಬಿ’ ಎಂಬ ಒಂದೇ ಮಾತನ್ನು ಪ್ರೀತಿಯಿಂದ, ಸಪ್ಪೆಯಾಗಿ, ಸಿಡುಕಿನಿಂದ ಹೇಳಿಸಿ, ಜೊತೆಗೆ ಮುಖದ ಫೋಟೊ ತೋರಿಸಿದರು. ಕೇಳಿದ್ದು ಇಷ್ಟೇ: ಈ ವ್ಯಕ್ತಿಗೆ ಎದುರಿನವರು ಇಷ್ಟವೋ, ಇಲ್ಲವೋ? ಎರಡರ ಫಲಿತಾಂಶ ಕೂಡಿಸಿದಾಗ ಪದಕ್ಕೆ 7, ದನಿಗೆ 38, ಮುಖಕ್ಕೆ 55 ಎಂಬ ಲೆಕ್ಕ ಬಂತು. ದನಿ, ಮುಖ ಎರಡನ್ನೂ ಕೂಡಿಸಿದರೆ ನಿಮ್ಮ 93. ಗಮನಿಸಿ, 55 ಬಂದದ್ದು ಮುಖಕ್ಕೆ. ಕೈ ಬೀಸುವುದು, ಎದೆ ಸೆಟೆಸಿ ಕೂರುವುದು ಆ ಲೆಕ್ಕದಲ್ಲೇ ಇಲ್ಲ. ಭಾವನೆ, ಒಲವುಗಳ ಮಾತು ಬಿಟ್ಟು ಬೇರೆಡೆ ಇದು ಅನ್ವಯಿಸದು ಎಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ.

ನಾನೂ ಸಾಚಾ ಅಲ್ಲ. ಮೂರು ವರ್ಷ ಇದೇ ಸ್ಲೈಡ್ ತೋರಿಸಿದ್ದೆ. ಕೊನೆಯ ಬೆಂಚಿನಿಂದ ಒಬ್ಬಳು ಎದ್ದು, ‘ಹಾಗಾದ್ರೆ ಸಾರ್, ನೀವು ಮಲಯಾಳದಲ್ಲಿ ಪಾಠ ಮಾಡಿದ್ರೂ ನಮಗೆ ಶೇ 93 ಅರ್ಥ ಆಗ್ಬೇಕಲ್ವಾ?’ ಎಂದಳು. ಕ್ಲಾಸೆಲ್ಲ ನಕ್ಕಿತು. ಮನೆಗೆ ಹೋಗಿ ಸ್ಲೈಡ್ ಅಳಿಸಿ, ಮೂಲ ಹುಡುಕಿದೆ. ಅಂದಿನಿಂದ ನಾನು ಕಣ್ಣಾರೆ ಓದದ ಅಂಕಿಯನ್ನು ಬಾಯಿಗೆ ತರುವುದಿಲ್ಲ. ಅತಿಯಾಯಿತು ಎನ್ನುವವರಿದ್ದಾರೆ, ಎನ್ನಲಿ.

ನೀವೂ ಹಾಗೆಯೇ ಬೆನ್ನು ಹತ್ತಿ. ಗೂಗಲ್ ಬಸ್ ನಿಲ್ದಾಣವಿದ್ದಂತೆ, ಅದೇ ಊರಲ್ಲ. ವಿಕಿಪೀಡಿಯ ಓದಿದರೆ ಕೆಳಗಿನ ಅಡಿಟಿಪ್ಪಣಿಗೆ ಇಳಿಯಿರಿ, ಅದು ತೋರಿಸುವ ವರದಿಯನ್ನು ತೆರೆಯಿರಿ. ಅಂಕಿ ಸಿಕ್ಕ ಮೇಲೂ ಇಸವಿ ನೋಡಿ, ಯಾರನ್ನು ಎಣಿಸಿದ್ದು ಎಂದು ನೋಡಿ. ರಾಜ್ಯದ ಸಾಕ್ಷರತೆ ಶೇ 75.36 ಎಂದು ಈಗಲೂ ಹೇಳುತ್ತಾರಲ್ಲ, ಅದು 2011ರ ಜನಗಣತಿಯದು. ಅದರಲ್ಲೂ ಏಳು ವರ್ಷ ತುಂಬಿದವರದು ಮಾತ್ರ. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ, ಮುಂದಕ್ಕೆ ಹೋಯಿತು. ‘2011ರ ಜನಗಣತಿಯಂತೆ’ ಎಂಬ ಎರಡು ಪದ ಸೇರಿಸಿದರೆ ನಿಮ್ಮನ್ನು ಯಾರೂ ಅಲ್ಲಾಡಿಸಲಾರರು.

ಇನ್ನು ಸಂಭಾಳಿಸುವ ವಿಚಾರ. ‘ಮೂಲ ನನಗೆ ಗೊತ್ತಿಲ್ಲ, ಆ ಅಂಕಿ ಬಿಡೋಣ. ಆದರೆ ಕ್ಯಾಮೆರಾ ಆಫ್ ಇದ್ದಾಗ ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ಮೇಷ್ಟ್ರಿಗೆ ತಿಳಿಯುವುದಿಲ್ಲ ಎಂಬ ಮಾತು ಉಳಿಯುತ್ತದೆ’ ಎಂದಿದ್ದರೆ ಮುಗಿದಿತ್ತು. ನಾನು ಅಂಕ ಹಾಕುವ ಮೇಜಿನಲ್ಲಿ ಕೂತಾಗ ಹಾಗೆ ಹೇಳಿದವರಿಗೆ ಒಂದು ಅಂಕ ಜಾಸ್ತಿಯೇ ಹಾಕಿದ್ದೇನೆ.

ಪ್ರಶ್ನೆ: ಮೊದಲು ಬಾಯಿ ತೆರೆದವರಿಗೆ ಹೆಚ್ಚು ಅಂಕವಂತೆ, ನಿಜವೇ?
ಉತ್ತರ: ಹೇಳಲು ಏನಾದರೂ ಇದ್ದರೆ.

ಪ್ರಶ್ನೆ: 21 ದಿನದಲ್ಲಿ ನಿರರ್ಗಳ ಇಂಗ್ಲಿಷ್, ಫೀಸು 18,000 ರೂಪಾಯಿ. ಸೇರಲೇ?
ಉತ್ತರ: ಬೇಡ. ಆ ದುಡ್ಡನ್ನು ಅಪ್ಪನಿಗೆ ವಾಪಸ್ ಕೊಡಿ. ನಾಲ್ಕು ಗೆಳೆಯರನ್ನು ಸೇರಿಸಿಕೊಂಡು ಹಾಸ್ಟೆಲ್ ಕೋಣೆಯಲ್ಲಿ ದಿನಾ ಅರ್ಧ ಗಂಟೆ ತಪ್ಪುತಪ್ಪಾಗಿಯೇ ಮಾತಾಡಿ.

ಪ್ರಶ್ನೆ: ಎ.ಐ. ಆ್ಯಪ್ ಹೇಳಿದ್ದನ್ನು ಮೂಲ ಎಂದು ತೋರಿಸಬಹುದೇ?
ಉತ್ತರ: ಅದು ಕೊಟ್ಟ ವರದಿಯ ಹೆಸರು ಹಿಡಿದು ಹುಡುಕಿ. ಎಷ್ಟೋ ಸಲ ಆ ವರದಿಯೇ ಇರುವುದಿಲ್ಲ.

ಪ್ರಶ್ನೆ: ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೊ ಘೋಷಿಸಿದ್ದನ್ನು ಗ್ರೂಪ್ ಡಿಸ್ಕಷನ್‌ನಲ್ಲಿ ಹೇಳಲೇ?
ಉತ್ತರ: ಘೋಷಿಸಿಲ್ಲ. ಈ ಪ್ರಶ್ನೆಗೆ ಇದೇ ಕೊನೆಯ ಉತ್ತರ, ಮುಂದಿನ ಸಲ ಪತ್ರ ಹರಿದು ಹಾಕುತ್ತೇನೆ.