ಮಾಫೆಕಿಂಗ್ ಎಂದವರು ಯಾರು?

ಪ್ರಶ್ನೆ: ಕಳೆದ ಸಂಚಿಕೆಯ ಆಫ್ರಿಕಾ ಲೇಖನದಲ್ಲಿ ಒಂದು ಕಡೆ ‘ಮೊತ್ಸ್ವಾನ’, ಇನ್ನೊಂದು ಕಡೆ ‘ಬತ್ಸ್ವಾನ’, ಮತ್ತೊಂದು ಕಡೆ ‘ಸೆತ್ಸ್ವಾನ’ ಎಂದಿದೆ. ಕರಡು ತಿದ್ದುವವರು ತೂಕಡಿಸುತ್ತಿದ್ದರೇ? ಇಂಗ್ಲಿಷಿನವರಂತೆ ‘ಟ್ಸ್ವಾನಾ’ ಎಂದು ಒಂದೇ ರೂಪ ಇಟ್ಟುಕೊಂಡರೆ ಸಾಲದೇ? ಎಲ್ಲರಿಗೂ ಗೊತ್ತಿರುವ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನನ್ನು ‘ಖ಼ಬೊರೋನೆ’ ಮಾಡಿದ್ದು ಯಾವ ಪಾಂಡಿತ್ಯ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರೂ ರೂಪಗಳನ್ನು ಗುರುತು ಹಾಕಿ ಹಿಡಿದಿದ್ದೀರಿ, ಅಂಥ ಓದುಗರು ಸಿಗುವುದೇ ಅಪರೂಪ. ಆದರೆ ನೀವು ಹಿಡಿದದ್ದು ತಪ್ಪನ್ನಲ್ಲ, ವ್ಯಾಕರಣವನ್ನು. ನಾವು ಪದದ ಬಾಲಕ್ಕೆ ಪ್ರತ್ಯಯ ಕಟ್ಟುತ್ತೇವೆ, ಆ ನುಡಿಯವರು ತಲೆಗೆ ಕಟ್ಟುತ್ತಾರೆ. ಒಬ್ಬನಾದರೆ ಮೊತ್ಸ್ವಾನ, ಹಲವರಾದರೆ ಬತ್ಸ್ವಾನ, ನುಡಿ ಸೆತ್ಸ್ವಾನ, ನಾಡು ಬೊತ್ಸ್ವಾನ. ಹೆಂಗಸು ‘ಮೊಸಾದಿ’, ಹೆಂಗಸರು ‘ಬಸಾದಿ’. ತಲೆ ಕತ್ತರಿಸಿ ‘ಟ್ಸ್ವಾನಾ’ ಎಂದು ಉಳಿಸಿಕೊಳ್ಳುವುದು, ‘ಕನ್ನಡಿಗ’, ‘ಕನ್ನಡಿಗರು’ ಎರಡನ್ನೂ ‘ಕನ್ನಡ್’ ಎಂದು ಕೂಗಿದಷ್ಟೇ ಚಂದ.

ಹಳೆಯ ರೂಢಿಗೂ ಒಂದು ಬೆಲೆಯಿದೆ, ಒಪ್ಪುತ್ತೇನೆ. ದೇಶದ ಹೆಸರು ‘ಬೋಟ್ಸ್ವಾನಾ’ ಎಂದೇ ಪಠ್ಯಪುಸ್ತಕದಲ್ಲಿ ಕೂತಿದೆ, ಅದನ್ನು ಕದಲಿಸುವುದಿಲ್ಲ. ಉಳಿದದ್ದಕ್ಕೆ ರಿಯಾಯಿತಿ ಇಲ್ಲ.

ಯಾಕೆಂದರೆ ಇಂಗ್ಲಿಷ್ ಕಾಗುಣಿತ ನೋಡಿ ಬರೆದರೆ ಉಚ್ಚಾರಣೆ ಎಲ್ಲಿ ಕೆಡುತ್ತದೆಂದು ಖಚಿತವಾಗಿ ಹೇಳಬಹುದು. ಸೆತ್ಸ್ವಾನದ ರೋಮನ್ ಬರಹದಲ್ಲಿ ‘ಟಿ’ ಪಕ್ಕ ‘ಎಚ್’ ಬಂದರೆ ಅದು ಮಹಾಪ್ರಾಣ. 1976ರಲ್ಲಿ ಬಂದ ಅವರ ನಾಣ್ಯದ ಹೆಸರು ಥೇಬೆ, ಎಂದರೆ ಗುರಾಣಿ. ನೂರು ಥೇಬೆಗೆ ಒಂದು ಪೂಲ, ಎಂದರೆ ಮಳೆ! ಕಲಾಹಾರಿಯ ಅಂಚಿನಲ್ಲಿ ಬದುಕುವವರು ಹಣಕ್ಕೆ ಮಳೆಯೆಂದು ಹೆಸರಿಟ್ಟದ್ದನ್ನು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಪಿ’ಗೆ ‘ಎಚ್’ ಸೇರಿದರೆ ಇಂಗ್ಲಿಷಿನವನು ತುಟಿ ಕಚ್ಚುತ್ತಾನೆ, ಸೆತ್ಸ್ವಾನದಲ್ಲಿ ಅದು ಅಪ್ಪಟ ‘ಫ’. ಬಂಗ್ವಾತೊ ಕುಲದ ಲಾಂಛನವಾದ ಪುಟ್ಟ ಜಿಂಕೆ ‘ಫೂತಿ’. ಈ ಅಕ್ಷರಗಳೆಲ್ಲ ನಮ್ಮ ವರ್ಣಮಾಲೆಯಲ್ಲಿ ಸಿದ್ಧವಾಗಿವೆ. ಆದರೆ ‘ಫಲ’ವನ್ನೇ ತುಟಿ ಕಚ್ಚಿ ಓದುವ ವಾರ್ತಾವಾಚಕರ ಕಾಲದಲ್ಲಿ ಫೂತಿಯ ಗತಿ ಏನು ಹೇಳಿ! ಇನ್ನು ‘ಜಿ’ ಎಂಬ ಅಕ್ಷರ ಅಲ್ಲಿ ‘ಗ’ ಅಲ್ಲ. ಕಲಬುರಗಿಯಲ್ಲಿ ಉರ್ದು ಆಡುವವರು ‘ಖ಼ಬರ್’ ಎನ್ನುವಾಗ ಗಂಟಲು ಉಜ್ಜುತ್ತದಲ್ಲ, ಅದು. ಆದ್ದರಿಂದ ಖ಼ಬೊರೋನೆ. ಮಾತು ನಿಲ್ಲುವೆಡೆ ಕೊನೆಯಿಂದ ಎರಡನೆಯ ಸ್ವರ ಎಳೆಯುತ್ತದೆ, ಆ ದೀರ್ಘ ಅದಕ್ಕೇ.

ನಮ್ಮ ಲಿಪಿಯೂ ಸೋಲುವುದು ಸ್ವರಭಾರದಲ್ಲಿ, ಎಂದರೆ ದನಿಯ ಏರಿಳಿತದಲ್ಲಿ. ‘ಒ’ ತಗ್ಗಿದರೆ ‘ನೀನು’, ಏರಿದರೆ ‘ಅವನು’ ಅಥವಾ ‘ಅವಳು’. ಅವರ ಬರವಣಿಗೆಯಲ್ಲೂ ಇದಕ್ಕೆ ಗುರುತಿಲ್ಲ. ಅದಕ್ಕೇ ದಕ್ಷಿಣ ಆಫ್ರಿಕಾದ ಸೆತ್ಸ್ವಾನ ಲೇಖಕ ಸೋಲ್ ಪ್ಲಾಟ್ಯೆ 1916ರಲ್ಲಿ ಲಂಡನ್ನಿನ ಧ್ವನಿತಜ್ಞ ಡೇನಿಯಲ್ ಜೋನ್ಸ್ ಜೊತೆ ಕೂತು ಧ್ವನಿಲಿಪಿಯಲ್ಲೇ ಒಂದು ವಾಚಿಕೆ ತಂದರು. ಅದೇ ವರ್ಷದ ಅವರ ಗಾದೆ ಸಂಗ್ರಹದ ಸೆತ್ಸ್ವಾನ ಶೀರ್ಷಿಕೆಯಲ್ಲಿ ನುಡಿಯ ಹೆಸರಿಗೆ ಒಂದು ಕಾಗುಣಿತ, ಇಂಗ್ಲಿಷ್ ಶೀರ್ಷಿಕೆಯಲ್ಲಿ ಇನ್ನೊಂದು! ಮಿಷನರಿಗಳು ತಮ್ಮ ತಮ್ಮ ನೆಲೆಯ ಉಪಭಾಷೆ ಕೇಳಿ ಬರೆದದ್ದರ ಫಲ ಅದು. ದಕ್ಷಿಣ ಆಫ್ರಿಕಾದ ಕುರುಮಾನ್‌ನಲ್ಲಿದ್ದ ಮಿಷನರಿ ಮೊಫಾಟ್ 1857ಕ್ಕೆ ಮುಗಿಸಿದ ಬೈಬಲ್ಲಿನಲ್ಲಿ ಇರುವುದು ಬಾತ್ಲ್ಹಾಪಿಂಗ್ ಕುಲದವರ ಮಾತು.

ಈಗ ಮಾಫೆಕಿಂಗ್. 1899ರಲ್ಲಿ ಬೋಯರರು, ಎಂದರೆ ಡಚ್ ಮೂಲದ ವಲಸಿಗರು, ಮುತ್ತಿ 217 ದಿನ ಮುತ್ತಿಗೆಯಲ್ಲಿಟ್ಟ ದಕ್ಷಿಣ ಆಫ್ರಿಕಾದ ಊರು. ನಿಜವಾದ ಹೆಸರು ಮಫ಼ಿಕೆಂಗ್ (ಇಲ್ಲಿರುವುದು ತುಟಿ ಕಚ್ಚುವ ‘ಎಫ್’): ‘ಮಫ಼ಿಕ’ ಕಲ್ಲುಗಳು, ‘-ಎಂಗ್’ ನಮ್ಮ ‘-ಅಲ್ಲಿ’. ಕಲ್ಲುಗಳಿರುವಲ್ಲಿ. ಕಿವಿಗೊಡದ ಇಂಗ್ಲಿಷಿನವರು ಕಲ್ಲನ್ನೂ ಕೆಡಿಸಿದರು, ವಿಭಕ್ತಿಯನ್ನೂ ಕೆಡಿಸಿದರು. 1980ರಲ್ಲಿ ಹೆಸರು ಸರಿಯಾಯಿತು. 2010ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು: ಅಲ್ಲಿನ ಬರೊಲೊಂಗ್ ಕುಲದವರ ಬಾಯಲ್ಲಿ ಈ ‘ಫ಼’ಕಾರ ‘ಹ’ಕಾರವಾಗುವುದರಿಂದ ಊರು ಮಹಿಕೆಂಗ್ ಆಯಿತು. ಶಿಷ್ಟರೂಪವನ್ನು ಬದಿಗಿಟ್ಟು ಊರಿನವರ ನಾಲಿಗೆಗೆ ಫಲಕ ಬರೆಸಿದ ಸರ್ಕಾರಕ್ಕೆ ಇಲ್ಲಿಂದಲೇ ಒಂದು ನಮಸ್ಕಾರ.

ಈ ನುಡಿಯವರು ಬೋಟ್ಸ್ವಾನಾಕ್ಕಿಂತ ದಕ್ಷಿಣ ಆಫ್ರಿಕಾದಲ್ಲೇ ಹೆಚ್ಚು. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 40 ಲಕ್ಷ, ಇತ್ತ ಇಡೀ ಬೋಟ್ಸ್ವಾನಾದ ಜನಸಂಖ್ಯೆ 2022ರಲ್ಲೂ 23 ಲಕ್ಷ ಚಿಲ್ಲರೆ. ದಕ್ಷಿಣ ಆಫ್ರಿಕಾದಲ್ಲಿ ಅದು ಅಧಿಕೃತ ಭಾಷೆ. ತವರಿನಲ್ಲಿ ‘ರಾಷ್ಟ್ರಭಾಷೆ’ಯೆಂಬ ಪೇಟ ಮಾತ್ರ, ಕಡತವೆಲ್ಲ ಇಂಗ್ಲಿಷ್. ಸಂಸತ್ತಿಗೆ ನಿಲ್ಲುವವನಿಗೆ ಇಂಗ್ಲಿಷ್ ಬರಲೇಬೇಕೆಂದು ಸಂವಿಧಾನದ 61ನೆಯ ವಿಧಿ ಹೇಳುತ್ತದೆ. 1994ರ ಶಿಕ್ಷಣ ನೀತಿ ಇಂಗ್ಲಿಷ್ ಮಾಧ್ಯಮವನ್ನು ಎರಡನೇ ತರಗತಿಗೇ ಇಳಿಸಿತು. ನಮ್ಮಲ್ಲಿ ಎಲ್‌ಕೆಜಿಗೆ ಇಳಿದಾಗಿದೆ, ಅದಕ್ಕೆ ನೀತಿಯೂ ಬೇಕಾಗಲಿಲ್ಲ.

ನಿಮ್ಮ ಲಕೋಟೆಯ ಮೇಲೆ ‘ಶಿವಮೊಗ್ಗ’ ಎಂದಿದೆ. 2014ರ ರಾಜ್ಯೋತ್ಸವದ ತನಕ ಇಂಗ್ಲಿಷ್ ಕಡತದಲ್ಲಿ ಅದು ‘ಶಿಮೋಗ’. ಹಾಗೇ ಇರಲಿ, ಎಲ್ಲರಿಗೂ ಗೊತ್ತು ಎಂದು ಆಗ ನೀವು ಪತ್ರ ಬರೆದಿರಲಿಕ್ಕಿಲ್ಲ.

– ಸಂ.