ಇಲಿಯ ಮಿದುಳು ಅರೆದರೆ ಅಣ್ಣನಿಗೆ ಏನು ಸಿಕ್ಕಿತು?

ಪತ್ರ: ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಮುದಿ ಇಲಿಗಳ ಮಿದುಳಿನ ಜೀವಕೋಶಗಳ ಪೊರೆ, ಅದರೊಳಗಿನ ಕಿಣ್ವ (ಎನ್ಜೈಮ್) ಅಂತ ಎರಡು ಪುಟ ತುಂಬಿಸಿದ್ದೀರಿ. ನನ್ನ ಅಣ್ಣನಿಗೆ 78 ವರ್ಷ. ಈಚೆಗೆ ಮರೆವು ಹೆಚ್ಚಾಗಿದೆ. ಊಟ ಮಾಡಿ ಕೈ ತೊಳೆದವರು ಮತ್ತೆ ಬಂದು ಎಲೆ ಮುಂದೆ ಕೂರುತ್ತಾರೆ. ಇಲಿಯ ಮಿದುಳು ಅರೆದು ಪೊರೆ ಬಿಗಿಯಾಯಿತೋ ಸಡಿಲವಾಯಿತೋ ಎಂದು ನೋಡಿದ್ದರಿಂದ ಅವರಿಗೆ ಏನು ಸಿಕ್ಕಿತು? ಅದೇ ಜಾಗದಲ್ಲಿ ಒಂದೆಲಗದ ಗುಣ ಬರೆದಿದ್ದರೆ ನಾಲ್ಕು ಮನೆಗೆ ಉಪಕಾರವಾಗುತ್ತಿತ್ತು.
— ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೇಷ್ಟ್ರೇ, ಒಂದೆಲಗದ ಮಾತನ್ನು ಮೊದಲು ಮುಗಿಸುತ್ತೇನೆ. ನಮ್ಮ ಮನೆಯಲ್ಲೂ ಬಚ್ಚಲ ನೀರು ಹೋಗುವ ಕಡೆ ಅದು ಹಬ್ಬಿದೆ, ತಂಬುಳಿಯೂ ಆಗುತ್ತದೆ. ಬೇಸಿಗೆಯಲ್ಲಿ ಅದಿಲ್ಲದೆ ಊಟ ರುಚಿಸುವುದಿಲ್ಲ. ನಮ್ಮ ಅಜ್ಜಿಯರು ಕಂಡುಕೊಂಡದ್ದನ್ನು ಹಗುರ ಮಾಡುವ ಉದ್ದೇಶ ಈ ಪತ್ರಿಕೆಗೆ ಇಲ್ಲ. ಆದರೆ ಒಂದೆಲಗದ ರಸ ಮುದಿ ಮಿದುಳಿಗೆ ನಿಜಕ್ಕೂ ಏನಾದರೂ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ ಕೊನೆಗೆ ಯಾರೋ ಒಬ್ಬರು ಆ ರಸವನ್ನು ಇಲಿಗೆ ಕುಡಿಸಿ, ನೀವು ಬೇಸರಪಟ್ಟ ಅದೇ ಪೊರೆಯನ್ನು, ಅದೇ ಕಿಣ್ವವನ್ನು ಅಳೆಯಲೇಬೇಕು. ಅಳೆಯುವವರನ್ನು ಬೈದು ಒಂದೆಲಗವನ್ನು ಹೊಗಳಿದರೆ ಒಂದೆಲಗಕ್ಕೇ ನಷ್ಟ.

ಈಗ ನಿಮ್ಮ ಪ್ರಶ್ನೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಆರ್ಹೂಸ್‌ನಲ್ಲಿ ಯೆನ್ಸ್ ಸ್ಕೌ ಎಂಬ ವೈದ್ಯ ಏಡಿಯ ಕಾಲಿನ ನರ ಬಿಡಿಸಿ ಅರೆಯುತ್ತಾ ಕೂತಿದ್ದರು. ಮರಗಟ್ಟಿಸುವ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂಬ ಹುಡುಕಾಟ ಅವರನ್ನು ಅಲ್ಲಿಗೆ ತಂದಿತ್ತು. ಮುಂಗಾರಿನ ಮೊದಲ ಮಳೆಗೆ ಗದ್ದೆ ಅಂಚಿನಲ್ಲಿ ಏಡಿ ಹಿಡಿಯುವ ನಮ್ಮ ಕಡೆಯವರಾದರೆ, ಇಷ್ಟು ಏಡಿ ಇಟ್ಟುಕೊಂಡು ಸಾರು ಮಾಡದೆ ನರ ಅರೆಯುತ್ತೀಯಲ್ಲ ಎಂದು ಕೇಳಿಯೇ ಕೇಳುತ್ತಿದ್ದರು. ಆ ಅರೆತದಲ್ಲಿ ಅವರಿಗೆ ಸಿಕ್ಕಿದ್ದು ಸೋಡಿಯಂ-ಪೊಟ್ಯಾಸಿಯಂ ಪಂಪು. ಜೀವಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಈ ಕಿಣ್ವ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ 2ರಷ್ಟು. ಸುಮ್ಮನೆ ಕೂತಾಗಲೂ ಅದು ತಿನ್ನುವ ಶಕ್ತಿ ಶೇಕಡಾ 20ರಷ್ಟು. ಅದರಲ್ಲಿ ದೊಡ್ಡ ಪಾಲು ಈ ಪಂಪಿಗೇ ಹೋಗುತ್ತದೆ. ಪಂಪು ನಿಂತರೆ ನರದಲ್ಲಿ ಸಂದೇಶ ಓಡುವುದಿಲ್ಲ. ನಮ್ಮ ದನ ಕಣಗಿಲೆ ಎಲೆ ತಿಂದು ಹೃದಯ ಬಡಿತ ತಪ್ಪಿ ಬೀಳುವುದಕ್ಕೂ ಆ ಗಿಡದ ವಿಷ ಇದೇ ಪಂಪನ್ನು ಹಿಡಿದು ನಿಲ್ಲಿಸುವುದೇ ಕಾರಣ. ಸ್ಕೌ ಅವರ ಲೇಖನ ಅಚ್ಚಾದದ್ದು 1957ರಲ್ಲಿ, ನೊಬೆಲ್ ಬಂದದ್ದು 1997ರಲ್ಲಿ. ನಡುವಿನ ನಲವತ್ತು ವರ್ಷ 'ಇದರಿಂದ ಏನು ಸಿಕ್ಕಿತು' ಎಂದು ಕೇಳುತ್ತಾ ಕೂತಿದ್ದರೆ ಆಗುತ್ತಿತ್ತೇ?

ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ತರಗೆಲೆಯ ಮೇಲಿನಿಂದ, ಸತ್ತ ಮಂಗನ ಮೈಯಿಂದ ಉಣುಗು ಹೆಕ್ಕಿ ಹೆಕ್ಕಿ ಸೀಸೆಗೆ ತುಂಬಿದರು. ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ ಎಂದು ಇವತ್ತು ನಮ್ಮ ಮನೆಯ ಮಕ್ಕಳೂ ಹೇಳುತ್ತಾರೆ. ಅದು ಹಾಗೆ ಹೆಕ್ಕಿದ್ದರಿಂದ ಬಂದ ತಿಳಿವಳಿಕೆ. ಮಲೆನಾಡಿನವರಾದ ನಿಮಗೆ ಇದನ್ನು ನಾನು ನೆನಪಿಸಬೇಕಾಗಿರಲಿಲ್ಲ.

ಇನ್ನು ಪೊರೆಯ ವಿಚಾರ. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟುತ್ತದೆ, ಮೀನೆಣ್ಣೆ ಗಟ್ಟಿಯಾಗುವುದಿಲ್ಲ. ಮಿದುಳಿನ ಪೊರೆಯಲ್ಲಿ ಈ ಎರಡೂ ಬಗೆಯ ಕೊಬ್ಬು ಇದೆ, ಜೊತೆಗೆ ಕೊಲೆಸ್ಟರಾಲ್ ಇದೆ. ದೇಹದ ಒಟ್ಟು ಕೊಲೆಸ್ಟರಾಲಿನಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮಿದುಳಿನಲ್ಲೇ ಇರುತ್ತದೆ. ಡಿಎಚ್‌ಎ ಎಂಬ ಮೀನೆಣ್ಣೆಯ ಕೊಬ್ಬಿನಾಮ್ಲದ ಆರು ದ್ವಿಬಂಧಗಳು ಪೊರೆಯನ್ನು ಸಡಿಲವಾಗಿ ಇಡುತ್ತವೆ. ಆಮ್ಲಜನಕ ಬಾಯಿ ಹಾಕುವುದೂ ಅದೇ ಬಂಧಗಳಿಗೆ. ಹಳೇ ಎಣ್ಣೆ ಕಮಟು ಹಿಡಿಯುವ ಕ್ರಿಯೆಯೇ ಮಿದುಳಿನಲ್ಲಿ ನಿಧಾನವಾಗಿ ನಡೆಯುತ್ತಿರುತ್ತದೆ, ಅದರ ಉಳಿಕೆಗಳು ಪಕ್ಕದ ಕಿಣ್ವಗಳಿಗೆ ಅಂಟಿ ಅವುಗಳ ಆಕಾರ ಕೆಡಿಸುತ್ತವೆ. ಪಂಪಿನ ಕಿಣ್ವವನ್ನು ಸುತ್ತಲಿನ ಕೊಬ್ಬಿನಿಂದ ಪೂರ್ತಿ ಬಿಡಿಸಿದರೆ ಅದು ಕೆಲಸ ನಿಲ್ಲಿಸುತ್ತದೆ. ತಕ್ಕ ಕೊಬ್ಬನ್ನು ಮತ್ತೆ ಸೇರಿಸಿದರೆ ಚೇತರಿಸಿಕೊಳ್ಳುತ್ತದೆ. ಪೊರೆ ಮುದಿಯಾದಾಗ ಅದರೊಳಗಿನ ಕಿಣ್ವದ ಗತಿ ಏನು ಎಂದು ಕೇಳುವುದು ಹಾಗಾಗಿ ವಿಚಿತ್ರ ಪ್ರಶ್ನೆಯಲ್ಲ.

ಅಳೆಯುವುದು ಹೇಗೆಂದು ಪರಿಚಯದ ಸಂಶೋಧಕಿಯೊಬ್ಬರ ಪ್ರಯೋಗಾಲಯದಲ್ಲಿ ನಿಂತು ನೋಡಿದ್ದೇನೆ. ಮಿದುಳಿನ ತುಂಡನ್ನು ಐಸಿನ ಮೇಲೆ ಸಕ್ಕರೆ ದ್ರಾವಣದಲ್ಲಿ, ಗಾಜಿನ ಕೊಳವೆಯೊಳಗೆ ಮೆಲ್ಲಗೆ ಅರೆಯುತ್ತಾರೆ. ಕೈ ಬೀಸಾಗಿ ಬಿದ್ದರೆ ಬಿಸಿಯಾಗಿ ಎಲ್ಲ ಕೆಡುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪೊರೆಯನ್ನು ತಳಕ್ಕೆ ಇಳಿಸುತ್ತಾರೆ. ಆಮೇಲೆ ಕಿಣ್ವ ಬಿಸಿಗೆ ಎಷ್ಟು ಹೊತ್ತು ತಡೆಯುತ್ತದೆ ಎಂದು ತಿಳಿಯಲು 50 ಡಿಗ್ರಿ ಆಸುಪಾಸಿನ ನೀರಿನಲ್ಲಿಟ್ಟು, ಕೆಲವು ನಿಮಿಷಕ್ಕೊಮ್ಮೆ ಒಂದೊಂದು ಹನಿ ತೆಗೆದು, ಕಿಣ್ವದ ಶಕ್ತಿ ಎಷ್ಟು ಉಳಿದಿದೆ ಎಂದು ಪರೀಕ್ಷಿಸುತ್ತಾರೆ. ಕಿಣ್ವ ಕೆಲಸ ಮಾಡಿದಷ್ಟೂ ಎಟಿಪಿ ಒಡೆದು ಫಾಸ್ಫೇಟ್ ಬಿಡುಗಡೆಯಾಗುತ್ತದೆ, ಅದಕ್ಕೆ ಮಾಲಿಬ್ಡೇಟ್ ಮತ್ತು ಜೊತೆಗೆ ಇನ್ನೊಂದು ರಾಸಾಯನಿಕ ಹಾಕಿದಾಗ ನೀಲಿ ಬಣ್ಣ ಬರುತ್ತದೆ. ಮೊದಲ ನಳಿಕೆಯಲ್ಲಿ ದಟ್ಟ ನೀಲಿ, ಕೊನೆಯದರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಎಳೆ ಇಲಿಯ ಸಾಲನ್ನೂ ಮುದಿ ಇಲಿಯ ಸಾಲನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಇಡೀ ದಿನದ ದುಡಿಮೆಗೆ ಗ್ರಾಫಿನಲ್ಲಿ ಒಂದು ಗೆರೆ.

ಇಂಥ ಗೆರೆಗಳ ಬಲ ಎಷ್ಟು ಗೊತ್ತೇ? 1963ರಲ್ಲಿ ಲೆಸ್ಲಿ ಆರ್ಗೆಲ್ ಎಂಬ ದೊಡ್ಡ ವಿಜ್ಞಾನಿ ಒಂದು ವಾದ ಮುಂದಿಟ್ಟರು: ಜೀವಕೋಶ ಪ್ರೋಟೀನು ಕಟ್ಟುವಾಗ ಆಗುವ ಸಣ್ಣ ತಪ್ಪುಗಳು ಒಂದಕ್ಕೊಂದು ಸೇರಿ ಬೆಳೆಯುತ್ತವೆ, ಮುಪ್ಪು ಎಂದರೆ ಅದೇ. 1970ರಲ್ಲಿ ಗರ್ಶೋನ್ ದಂಪತಿ ಮುದಿ ಹುಳುಗಳಲ್ಲಿ ಕೆಲಸಕ್ಕೆ ಬಾರದ ಕಿಣ್ವದ ಅಣುಗಳನ್ನು ತೋರಿಸಿದಾಗ ವಾದ ಗೆದ್ದೇಬಿಟ್ಟಿತು ಎನ್ನಿಸಿತ್ತು. ಆದರೆ 1980ರಲ್ಲಿ ಶರ್ಮಾ ಮತ್ತು ರಾತ್‌ಸ್ಟೈನ್ ವಿನೆಗರ್ ಹುಳುವಿನ ಒಂದೇ ಒಂದು ಕಿಣ್ವ ಹಿಡಿದು, ಮುದಿಯದನ್ನೂ ಎಳೆಯದನ್ನೂ ಪೂರ್ತಿ ಬಿಚ್ಚಿ ಮತ್ತೆ ಮಡಚಿಕೊಳ್ಳಲು ಬಿಟ್ಟರು. ಎರಡೂ ಒಂದೇ ಥರ ಆದವು! ಅಂದರೆ ಕಟ್ಟಿದ್ದರಲ್ಲಿ ತಪ್ಪಿರಲಿಲ್ಲ, ವಯಸ್ಸಿನಲ್ಲಿ ಆಕಾರ ಮಾತ್ರ ಕೆಟ್ಟಿತ್ತು. ಕಣ್ಣಿಗೆ ಕಂಡೂ ಕಾಣದ ಹುಳುವಿನ ಒಂದು ಕಿಣ್ವ ಅಷ್ಟು ದೊಡ್ಡ ಸಿದ್ಧಾಂತದ ಬುಡ ಅಲ್ಲಾಡಿಸಿತು. ನಮ್ಮ ದೇಶದಲ್ಲೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್. ಕಾನುಂಗೊ ವಯಸ್ಸಾದಂತೆ ಇಲಿಯ ಕಿಣ್ವಗಳು ಹೇಗೆ ಬದಲಾಗುತ್ತವೆ ಎಂದು ದಶಕಗಟ್ಟಲೆ ಅಳೆದರು. ಅವರ ಹೆಸರು ಕೇಳಿದ ವಿಜ್ಞಾನದ ಮೇಷ್ಟ್ರುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೋ!

ನನ್ನ ಸಂಕಟ ಇಲ್ಲಿಂದ ಶುರು. ಬಸ್‌ಸ್ಟ್ಯಾಂಡಿನ ಕಂಬಕ್ಕೆ 'ನೆನಪಿನ ಶಕ್ತಿ ಹೆಚ್ಚಿಸುವ ಪುಡಿ' ಎಂಬ ಬೋರ್ಡು ನೇತಾಡುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಅಪ್ಪ ಅಮ್ಮಂದಿರು ನೂರಾರು ರೂಪಾಯಿ ಕೊಟ್ಟು ತರುತ್ತಾರೆ. ಆ ಪುಡಿಯಿಂದ ಏನು ಸಿಕ್ಕಿತು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕೇಳುವುದು ವರ್ಷಗಟ್ಟಲೆ ನಿಂತು ಅಳೆಯುವ ಹುಡುಗಿಯನ್ನು. ನಾನು ಹೇಳಿದ ಆ ಸಂಶೋಧಕಿ ಮುದಿ ಇಲಿ ಬೇಕೆಂದು ಎರಡು ವರ್ಷ ಇಲಿ ಸಾಕಿದ್ದರು. ಮುಪ್ಪನ್ನು ಅಂಗಡಿಯಿಂದ ತರಲಾಗುವುದಿಲ್ಲವಲ್ಲ. ಪೊರೆ ತೆಗೆದು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಟ್ಟಿದ್ದರು. ಆಷಾಢದ ಗಾಳಿಮಳೆಗೆ ಮರ ಬಿದ್ದು ಲೈನು ಹರಿಯಿತು. ಜನರೇಟರ್ ಇತ್ತು, ಡೀಸೆಲ್ಲಿಗೆ ಮಂಜೂರಾತಿ ಇರಲಿಲ್ಲ. ಕರೆಂಟ್ ಬರುವಷ್ಟರಲ್ಲಿ ಫ್ರೀಜರಿನ ತಳದಲ್ಲಿ ನೀರು ನಿಂತಿತ್ತು. ಕಿಣ್ವ ಎಷ್ಟು ಹೊತ್ತು ಬಾಳುತ್ತದೆ ಎಂದು ಅಳೆಯಲು ಹೊರಟವರ ಕಿಣ್ವವೆಲ್ಲ ಹೀಗೆ ಹೋಯಿತು, ಆ ಸಂಸ್ಥೆಯಲ್ಲಿ ಒಬ್ಬರೂ ಬಂದು ವಿಷಾದ ಹೇಳಲಿಲ್ಲ. ನನಗೆ ಗೊತ್ತಿರುವ ಇನ್ನೊಂದು ಕಾಲೇಜಿನಲ್ಲಿ ಸೆಂಟ್ರಿಫ್ಯೂಜಿಗೆ ಬಟ್ಟೆ ಹೊದಿಸಿ ಅದರ ಮೇಲೆ ಫೈಲು ಪೇರಿಸಿದ್ದಾರೆ. ತಪಾಸಣೆಗೆ ಯಾರಾದರೂ ಬರುವ ದಿನ ಮಾತ್ರ ಬಟ್ಟೆ ತೆಗೆಯುತ್ತಾರೆ. ಮೂವತ್ತೈದು ವರ್ಷ ಪಾಠ ಹೇಳಿದವರು ಇದರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಿತ್ತು ಮೇಷ್ಟ್ರೇ, ಎರಡು ಪುಟದ ಲೇಖನದ ಮೇಲಲ್ಲ.

ಅಣ್ಣನವರಿಗೆ ಈ ದಾರಿಯಿಂದ ಏನೂ ಬಂದಿಲ್ಲ ಎಂದುಕೊಳ್ಳಬೇಡಿ. ಮರೆವಿನ ಕಾಯಿಲೆಗೆ ಡಾಕ್ಟರು ಬರೆಯುವ ಡೊನೆಪೆಜಿಲ್, ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ, ನರಗಳ ನಡುವೆ ಸಂದೇಶ ಒಯ್ಯುವ ವಸ್ತುವನ್ನು ಒಡೆಯುವ ಕಿಣ್ವವನ್ನು ತಡೆಯುವ ಗುಳಿಗೆ. ಕಾಯಿಲೆಯನ್ನು ಅದು ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತದೆ. ಶುಂಠಿ ಹೊಲಕ್ಕೆ ಆರ್ಗನೋಫಾಸ್ಫೇಟ್ ಔಷಧಿ ಹೊಡೆಯುವಾಗ ಮೈಗೆ ಹತ್ತಿ ಆಸ್ಪತ್ರೆ ಸೇರಿದವರ ರಕ್ತದಲ್ಲಿ ನೋಡುವುದೂ ಇದೇ ಗುಂಪಿನ ಕಿಣ್ವವನ್ನು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಸತ್ತವರ ಮಿದುಳನ್ನು ಸಂಶೋಧನೆಗಾಗಿ ಕಾಪಿಡುವ ಮಿದುಳಿನ ಬ್ಯಾಂಕ್ ಇದೆ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ಮಿದುಳು ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂದು ವಿಜ್ಞಾನಿಗಳು ವರ್ಷ ವರ್ಷ ಹಿಂಬಾಲಿಸಿ ನೋಡುತ್ತಿದ್ದಾರೆ.

ಎಲ್ಲಕ್ಕೂ ಮೊದಲು ಅಣ್ಣನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಿಟಮಿನ್ ಬಿ12 ಕಡಿಮೆಯಾದರೂ, ಥೈರಾಯ್ಡ್ ಮಂದವಾದರೂ ಮರೆವು ಬರುತ್ತದೆ, ಅವೆರಡಕ್ಕೂ ಚಿಕಿತ್ಸೆ ಇದೆ. ವಯಸ್ಸಾಯಿತು, ಹೀಗೇ ಎಂದು ಬಿಡಬೇಡಿ. ಒಂದೆಲಗದ ಬಗ್ಗೆ ನಿಮ್ಮಿಂದಲೇ ಲೇಖನ ಬರಲಿ, ಎರಡು ಪುಟ ಎತ್ತಿಡುತ್ತೇನೆ. ಇಲಿಯ ಲೇಖನದ ಎರಡನೇ ಕಂತು ಮುಂದಿನ ಸಂಚಿಕೆಯಲ್ಲಿ ಬರುತ್ತದೆ, ಒಂದು ಸಾಲೂ ಕತ್ತರಿಸಿಲ್ಲ.
— ಸಂ.